ಏಳು ವರ್ಷದ ಸರ್ವೀಸಿಗೆ ಐದು ಸಾವಿರ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಕಾಲೇಜಿನಲ್ಲಿ ಎಲ್ಲರ ಹೆಸರಿನ ಪಕ್ಕದಲ್ಲೂ ಒಂದು ಸಂಖ್ಯೆ ಬಂದು ಕೂರುತ್ತೆ. ಅಲ್ಲಿಯವರೆಗೆ ಯುಎಸ್‌ಎನ್‌ನ ಕೊನೆಯ ಮೂರು ಅಂಕಿಯಿಂದ ಗುರುತಿಸಿಕೊಳ್ತಿದ್ದವರು ಆಮೇಲೆ ‘ಮೂರೂವರೆ’, ‘ಏಳು’, ‘ಹನ್ನೆರಡು’ ಆಗಿಬಿಡ್ತಾರೆ. ಕ್ಯಾಂಟೀನಲ್ಲಿ ಸಿಕ್ಕ ಜೂನಿಯರ್ ಕೇಳೋ ಮೊದಲ ಪ್ರಶ್ನೆ, “ಎಷ್ಟು ಎಲ್‌ಪಿಎ ಅಕ್ಕಾ?” ಯಾವ ಕೆಲಸ, ಯಾವ ಊರು, ಎಷ್ಟು ವರ್ಷದ ಬಾಂಡ್ ಅನ್ನೋದೆಲ್ಲ ಆಮೇಲೆ.

ನಾನೂ ಈ ವರ್ಷ ಒಂದು ಸಂಖ್ಯೆ ಆದೆ. ಒಂಬತ್ತು. ಆದರೆ ನಮ್ಮ ಮನೆಯಲ್ಲಿ ಆ ಒಂಬತ್ತರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಆಗಲೇ ಇತ್ತು: ಎಂಟು ಪಾಯಿಂಟ್ ನಾಲ್ಕು. ಅದು ನಮ್ಮಕ್ಕನದು. ಏಳು ವರ್ಷ ದುಡಿದ ಮೇಲೆ ಬಂದದ್ದು. ಈ ಎರಡು ಸಂಖ್ಯೆಗಳು ಒಂದೇ ಹಬ್ಬದ ಮನೆಯಲ್ಲಿ ಎದುರುಬದುರಾದಾಗ ನನಗೆ ಗೊತ್ತಾದ ಕೆಲವು ವಿಷಯಗಳನ್ನ ಬರೀತಾ ಇದೀನಿ. ಅಕ್ಕನ ಒಪ್ಪಿಗೆ ತಗೊಂಡಿದೀನಿ. ಅವಳ ಷರತ್ತು ಎರಡೇ: “ಕಂಪನಿ ಹೆಸರು ಹಾಕ್ಬೇಡ, ನನ್ನ ಹೆಸರಂತೂ ಹಾಕ್ಲೇಬೇಡ.”

ಅಕ್ಕ ಅಂದ್ರೆ ನಮ್ಮ ದೊಡ್ಡಪ್ಪನ ಮಗಳು. ನಮ್ಮ ಹಾಗೇ ವಿಟಿಯು ಕಾಲೇಜಲ್ಲಿ ಓದಿ, 2018ರಲ್ಲಿ ಬೆಂಗಳೂರಿನ ಒಂದು ದೊಡ್ಡ ಸರ್ವೀಸ್ ಕಂಪನಿಗೆ 3.5 ಲಕ್ಷಕ್ಕೆ ಸೇರಿದಳು. ನಮ್ಮ ಕುಟುಂಬದಲ್ಲಿ ಮೊದಲ ಇಂಜಿನಿಯರ್. ನನಗೆ ಸಿ ಪ್ರೋಗ್ರಾಮಿಂಗ್‌ನಲ್ಲಿ ಪಾಯಿಂಟರ್ ಅರ್ಥ ಮಾಡಿಸಿದ್ದು ಅವಳೇ, ವಿಡಿಯೋ ಕಾಲ್‌ನಲ್ಲಿ, ಅಡುಗೆಮನೆಯ ಡಬ್ಬಿಗಳನ್ನ ಸಾಲಾಗಿ ಇಟ್ಟು. ಎರಡನೇ ವರ್ಷ ಎಜುಕೇಷನ್ ಲೋನಿನ ಕಂತು ತಡವಾದಾಗ ಹಾಸ್ಟೆಲ್ ಫೀಸ್ ಕಟ್ಟಿದ್ದೂ ಅವಳೇ.

ಗೌರಿ ಹಬ್ಬಕ್ಕೆ ಎಲ್ಲರೂ ಊರಲ್ಲಿ ಸೇರಿದ್ವಿ. ನನ್ನ ಆಫರ್ ಬಂದು ಒಂದು ವಾರ ಆಗಿತ್ತು. ಬಾಗಿನ ಕೊಡೋಕೆ ಬಂದವರಿಗೆಲ್ಲ ಅಮ್ಮ “ಒಂಬತ್ತು ಲಕ್ಷ” ಅಂತ ಹೇಳ್ತಾ ಇದ್ದಳು. ದೊಡ್ಡಮ್ಮ ಹೋಳಿಗೆ ತಟ್ಟುತ್ತಾ ಇದ್ದವರು ಕೈ ನಿಲ್ಲಿಸಿ ಅಕ್ಕನ ಕಡೆ ತಿರುಗಿ, “ಅಲ್ವೇ, ಇವಳಿನ್ನೂ ಕಾಲೇಜು ಮುಗಿಸಿಲ್ಲ. ನೀನು ಏಳು ವರ್ಷ ದುಡಿದು ಇಷ್ಟೇನಾ?” ಅಂದರು. ಬೇಕು ಅಂತ ಚುಚ್ಚಿದ್ದಲ್ಲ ಅದು, ಗೊತ್ತಿಲ್ಲದೆ ಕೇಳಿದ ಪ್ರಶ್ನೆ. ಅಕ್ಕ ನಕ್ಕು, “ಅವಳು ಜಾಣೆ ಕಣಮ್ಮ” ಅಂದು ಹೋಳಿಗೆ ಮಗುಚಿ ಹಾಕಿದಳು.

ಅವಳ ಉತ್ತರ ನನಗೆ ಸರಿ ಅನ್ನಿಸಲಿಲ್ಲ. ಅವಳಿಗಿಂತ ನಾನು ಜಾಣೆ ಅಲ್ಲ ಅನ್ನೋದು ನನಗೂ ಗೊತ್ತು, ಅವಳಿಗೂ ಗೊತ್ತು. ಹಾಗಾದ್ರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಆವತ್ತು ರಾತ್ರಿ ಜಗಲಿ ಮೇಲೆ ಕೂತು ಇಬ್ಬರ ಲೆಕ್ಕಾನೂ ಬಿಡಿಸಿದ್ವಿ. ನನ್ನ ಆಫರ್ ಲೆಟರ್ ಒಂದು ಕಡೆ, ಅವಳ ಪೇಸ್ಲಿಪ್ ಇನ್ನೊಂದು ಕಡೆ.

ಮೊದಲು ನನ್ನ ಒಂಬತ್ತು. ಅದರಲ್ಲಿ 1 ಲಕ್ಷ ಜಾಯ್ನಿಂಗ್ ಬೋನಸ್, ಒಂದೇ ಸಲ ಬರೋದು. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. 80 ಸಾವಿರ ವೇರಿಯಬಲ್ ಪೇ, ಕಂಪನಿಯ ಮತ್ತು ನನ್ನ ಪರ್ಫಾರ್ಮೆನ್ಸ್ ಮೇಲೆ ನಿಂತಿದ್ದು, ಪೂರ್ತಿ ಬಂದೀತು ಅನ್ನೋ ಗ್ಯಾರಂಟಿ ಇಲ್ಲ. ಕಂಪನಿ ಕಡೆಯ ಪಿಎಫ್ ಮತ್ತು ಗ್ರಾಚ್ಯುಯಿಟಿ ಸೇರಿ ಸುಮಾರು 60 ಸಾವಿರ. ಪಿಎಫ್ ನಮ್ಮದೇ ದುಡ್ಡು, ಆದರೆ ಈಗ ಕೈಗೆ ಸಿಗಲ್ಲ. ಗ್ರಾಚ್ಯುಯಿಟಿ ಅನ್ನೋದು ಸಾಮಾನ್ಯವಾಗಿ ಐದು ವರ್ಷ ಇದ್ದರೆ ಮಾತ್ರ. ಆದರೂ ಮೊದಲ ದಿನದಿಂದಲೇ ಸಿಟಿಸಿಯಲ್ಲಿ ಅದನ್ನ ಎಣಿಸಿ ತೋರಿಸ್ತಾರೆ. ಇದೆಲ್ಲ ಕಳೆದರೆ ಉಳಿಯೋದು 6 ಲಕ್ಷ 60 ಸಾವಿರ. ತಿಂಗಳಿಗೆ 55 ಸಾವಿರ, ಅದೂ ನನ್ನ ಪಾಲಿನ ಪಿಎಫ್ ಹಿಡಿಯೋಕೆ ಮುಂಚೆ.

ಈಗ ಅಕ್ಕನ 8.4. ಬೋನಸ್ ಏನಿಲ್ಲ. ವೇರಿಯಬಲ್ 60 ಸಾವಿರ, ಪಿಎಫ್ ಗ್ರಾಚ್ಯುಯಿಟಿ ಮತ್ತೊಂದು 60 ಸಾವಿರ. ಉಳಿದದ್ದು 7 ಲಕ್ಷ 20 ಸಾವಿರ. ತಿಂಗಳಿಗೆ 60 ಸಾವಿರ.

ಅಂದ್ರೆ ಅಸಲಿಗೆ ಅವಳದೇ ನನಗಿಂತ ಜಾಸ್ತಿ. ಎಷ್ಟು? 5 ಸಾವಿರ. ಏಳು ವರ್ಷದ ಸರ್ವೀಸು, ಎರಡು ಪ್ರಮೋಷನ್ನು, ರಾತ್ರಿ ಎರಡು ಗಂಟೆಗೆ ಎದ್ದು ಪ್ರೊಡಕ್ಷನ್ ಸರ್ವರ್ ಸರಿ ಮಾಡಿದ್ದು, ಎಲ್ಲದಕ್ಕೂ ಸೇರಿ ತಿಂಗಳಿಗೆ 5 ಸಾವಿರ. ಇನ್ನೂ ಒಂದು ಸಾಲು ಕೋಡ್ ಬರೆಯದ ನನಗಿಂತ ಅವಳು ಮುಂದಿರೋದು ಅಷ್ಟು ಮಾತ್ರ.

“ಇದು ಹೇಗಾಯ್ತು ಅಕ್ಕ?” ಅಂದೆ. ಅವಳು ಪಾಯಿಂಟರ್ ಹೇಳಿಕೊಟ್ಟಷ್ಟೇ ನಿಧಾನವಾಗಿ ಹೇಳಿದಳು.

ಕಂಪನಿಯಲ್ಲಿ ಸಂಬಳಕ್ಕೆ ಎರಡು ಜೇಬು ಇರ್ತವೆ ಅಂತ ಇಟ್ಕೋ. ಒಂದು ಹೊಸಬರನ್ನ ತರೋ ಜೇಬು. ಅದು ಮಾರುಕಟ್ಟೆಯನ್ನ ನೋಡುತ್ತೆ. ಈ ಕೆಲಸಕ್ಕೆ ಇವತ್ತು ಹೊರಗೆ ಎಷ್ಟು ರೇಟ್ ನಡೀತಿದೆಯೋ ಅಷ್ಟು ಕೊಡದಿದ್ರೆ ಜನ ಬರಲ್ಲ, ಜನ ಬರದಿದ್ರೆ ಪ್ರಾಜೆಕ್ಟ್ ಶುರುವಾಗಲ್ಲ, ಕ್ಲೈಂಟ್‌ಗೆ ಬಿಲ್ ಹಾಕೋಕಾಗಲ್ಲ. ಇನ್ನೊಂದು ಇರೋರಿಗೆ ಇನ್‌ಕ್ರಿಮೆಂಟ್ ಕೊಡೋ ಜೇಬು. ಅದು ಮಾರುಕಟ್ಟೆ ನೋಡಲ್ಲ, ಹಿಂದಿನ ವರ್ಷದ ನಿನ್ನ ಸಂಬಳ ನೋಡುತ್ತೆ. ಈ ವರ್ಷ ಒಟ್ಟು ಶೇ. 8 ಅಂತ ಮೇಲಿಂದ ಬಂದ್ರೆ, ಮ್ಯಾನೇಜರ್ ಅದನ್ನೇ ಹತ್ತು ಜನಕ್ಕೆ ಹಂಚಬೇಕು. ಒಬ್ಬರಿಗೆ 12 ಕೊಟ್ಟರೆ ಇನ್ನೊಬ್ಬರಿಗೆ 4. ಹೊಸಬ ಒಬ್ಬನಿಗೆ ಜಾಸ್ತಿ ಕೊಟ್ಟರೆ ಖರ್ಚು ಒಬ್ಬನದು. ಹಳಬರನ್ನೆಲ್ಲ ಆ ಮಟ್ಟಕ್ಕೆ ತಂದರೆ ಖರ್ಚು ಸಾವಿರಾರು ಜನರದ್ದು. “ಹಳಬರಲ್ಲಿ ಮುಕ್ಕಾಲು ಜನ ಗೊಣಗ್ತಾರೆ, ಬಿಟ್ಟು ಹೋಗಲ್ಲ ಅಂತ ಅವರಿಗೆ ಗೊತ್ತು. ಕಂಪನಿಗೆ ಅದು ಸಾಕು.”

ನಾನು ಫೋನಲ್ಲಿ ಲೆಕ್ಕ ಹಾಕಿ ನೋಡಿದೆ. ನೀವೂ ಹಾಕಿ ನೋಡಿ, ಫಸ್ಟ್ ಸೆಮ್ ಗಣಿತ ಕೂಡ ಬೇಡ. 3.5 ಲಕ್ಷವನ್ನ ವರ್ಷಕ್ಕೆ ಶೇ. 8ರಂತೆ ಏಳು ಸಲ ಏರಿಸಿದರೆ ಸುಮಾರು 6 ಲಕ್ಷ ಆಗುತ್ತೆ. ಅದೇ ಏಳು ವರ್ಷದಲ್ಲಿ ಐದು ಸಲ ಶೇ. 8, ಎರಡು ಸಲ ಮಾತ್ರ ಕಂಪನಿ ಬದಲಿಸಿ ಶೇ. 40 ತಗೊಂಡರೆ 10 ಲಕ್ಷ ದಾಟುತ್ತೆ. ಇದು ಶುದ್ಧ ಚಕ್ರಬಡ್ಡಿ. ಬೆಲೆ ಏರಿಕೆ ವರ್ಷಕ್ಕೆ ಶೇ. 5 ಅಂತ ಹಿಡಿದರೆ, ಆ 6 ಲಕ್ಷಕ್ಕೆ 2018ರ ಲೆಕ್ಕದಲ್ಲಿ ಬರೀ 4.26 ಲಕ್ಷದ ಬೆಲೆ. ಏಳು ವರ್ಷದಲ್ಲಿ ನಿಜವಾಗಿ ಏರಿದ್ದು ಸುಮಾರು 76 ಸಾವಿರ. ಅಕ್ಕನಿಗೆ ಪ್ರಮೋಷನ್ ಸಿಕ್ಕಿದ್ದರಿಂದ 8.4 ಆಗಿದೆ, ಸಿಗದವರ ಕಥೆ ಇದು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೊಸಬರಿಗೆಲ್ಲ ಜಾಸ್ತಿ ಸಿಗ್ತಿದೆ ಅಂತಲೂ ಅಲ್ಲ. ನಮ್ಮ ಕ್ಲಾಸಲ್ಲೇ ಹೆಚ್ಚು ಜನರಿಗೆ ಬಂದಿರೋದು ಮೂರೂವರೆಯ ಆಸುಪಾಸು. ದೊಡ್ಡ ಸರ್ವೀಸ್ ಕಂಪನಿಗಳ ಮಾಮೂಲಿ ಫ್ರೆಶರ್ ಆಫರ್ 2010ರ ಸುಮಾರಿಗೇ ಮೂರು ಲಕ್ಷದ ಆಸುಪಾಸಿತ್ತು. ಹದಿನೈದು ವರ್ಷದಲ್ಲಿ ಅದು ತೆವಳಿದ್ದು ಅಷ್ಟೇ. ಬದಲಾಗಿದ್ದು ಏನಂದ್ರೆ ಅದರ ಮೇಲೆ ಬೇರೆ ಬೇರೆ ಮಹಡಿ ಕಟ್ಟಿದ್ದು. ಟಿಸಿಎಸ್‌ನಲ್ಲಿ ನಿಂಜಾ ಅಂದ್ರೆ 3.36 ಲಕ್ಷ, ಡಿಜಿಟಲ್ ಅಂದ್ರೆ ಸುಮಾರು 7, ಪ್ರೈಮ್ ಅಂದ್ರೆ ಸುಮಾರು 9. ಒಂದೇ ಕ್ಯಾಂಪಸ್, ಒಂದೇ ದಿನ, ಒಂದೇ ಟೆಸ್ಟ್ ಬರೆದವರು ಬೇರೆ ಬೇರೆ ಮಹಡಿಗೆ ಹೋಗ್ತಾರೆ. ಬೇರೆ ಕಂಪನಿಗಳಲ್ಲೂ ಇಂಥ ಮಹಡಿಗಳಿವೆ. ನಾನು ಬೇರೊಂದು ಕಂಪನಿಯ ಮೇಲಿನ ಮಹಡಿಗೆ ಸೇರ್ತಾ ಇದೀನಿ. ಅಕ್ಕ ಸೇರುವಾಗ ಅವಳ ಕಂಪನಿಯಲ್ಲಿ ಆ ಮಹಡಿಯೇ ಇರಲಿಲ್ಲ. ಇದ್ದಿದ್ದರೆ ಅಲ್ಲಿಗೇ ಹೋಗ್ತಿದ್ದಳು.

ಅಂದ್ರೆ ಸಂಬಳದಲ್ಲಿ ದೊಡ್ಡ ಪಾಲು ಸೇರಿದ ತಾರೀಖಿನ ಬೆಲೆ. ಇದು ನನಗೆ ಪೂರ್ತಿ ಅರ್ಥ ಆಗಿದ್ದು 2022ರ ಕಥೆ ಕೇಳಿದ ಮೇಲೆ. ಕೋವಿಡ್ ನಂತರ ಎಲ್ಲ ಕಂಪನಿಗಳೂ ಡಿಜಿಟಲ್ ಅಂತ ಓಡಿದ ಕಾಲ. ಕೆಲಸ ಜಾಸ್ತಿ, ಜನ ಕಮ್ಮಿ. 2022ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್ ದರ ಶೇ. 28.4. ಅಂದ್ರೆ ಹಿಂದಿನ ಹನ್ನೆರಡು ತಿಂಗಳಲ್ಲಿ ನೂರಕ್ಕೆ ಇಪ್ಪತ್ತೆಂಟು ಜನರ ಲೆಕ್ಕದಲ್ಲಿ ತಾವಾಗೇ ಬಿಟ್ಟು ಹೋಗಿದ್ರು. ಅದೇ ವರ್ಷ ಟಿಸಿಎಸ್‌ನಲ್ಲೂ ಶೇ. 21 ದಾಟಿತ್ತು. ಹೋದವರ ಜಾಗಕ್ಕೆ ಬಂದವರು ಕೇಳಿದ ರೇಟಿಗೆ ಬಂದರು.

ಅಕ್ಕನ ಟೀಮಿಗೂ ಒಬ್ಬರು ಬಂದರು. ಅವಳಷ್ಟೇ ಅನುಭವ, ಅವಳದೇ ಡೆಸಿಗ್ನೇಷನ್. ಎರಡು ತಿಂಗಳು ಅವರಿಗೆ ಕೆಟಿ ಕೊಟ್ಟಿದ್ದು ಅಕ್ಕ. ಯಾವ ಫೈಲು ಎಲ್ಲಿದೆ, ಯಾವ ಕ್ಲೈಂಟ್ ಯಾವುದಕ್ಕೆ ಸಿಟ್ಟಾಗ್ತಾರೆ, ಎಲ್ಲಾನೂ. ಒಂದಿನ ಟೀ ಕುಡೀತಾ ಅವರೇ ಹೇಳಿದ್ರಂತೆ, ತಾನು ಸೇರಿದ್ದು 14 ಲಕ್ಷಕ್ಕೆ ಅಂತ. ಆಗ ಅಕ್ಕನದು 6ರ ಹತ್ತಿರ. “ನಿಂಗೆ ಅವರ ಮೇಲೆ ಕೋಪ ಬರಲಿಲ್ವಾ?” ಅಂದೆ. “ಅವರ ಮೇಲೆ ಯಾಕೆ? ನಿಜ ಹೇಳಿದ್ದು ಅವರೊಬ್ಬರೇ. ಎಚ್‌ಆರ್ ಏಳು ವರ್ಷದಲ್ಲಿ ಒಂದಿನಾನೂ ಹೇಳಿಲ್ಲ” ಅಂದಳು. ಅಪ್ರೈಸಲ್ ಲೆಟರಿನ ಕೊನೇ ಸಾಲಲ್ಲಿ ‘ನಿಮ್ಮ ಸಂಬಳದ ವಿವರ ಗೌಪ್ಯ, ಯಾರೊಂದಿಗೂ ಹಂಚಿಕೊಳ್ಳಬೇಡಿ’ ಅಂತ ಇರುತ್ತಂತೆ. ಆ ಗೌಪ್ಯತೆ ಯಾರನ್ನ ಕಾಪಾಡುತ್ತೆ ಅಂತ ಆವತ್ತು ಅವಳಿಗೆ ತಿಳೀತು.

ತಾರೀಖು ತಿರುಗಿದರೆ ಬೆಲೆಯೂ ತಿರುಗುತ್ತೆ. 2023ರ ಫೆಬ್ರವರಿಯಲ್ಲಿ ವಿಪ್ರೋ, 6.5 ಲಕ್ಷದ ಆಫರ್ ಹಿಡಿದು ಕಾಯ್ತಿದ್ದ ಫ್ರೆಶರ್‌ಗಳಿಗೆ 3.5 ಲಕ್ಷಕ್ಕೆ ಸೇರ್ತೀರಾ ಅಂತ ಕೇಳಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅದೇ ಹುಡುಗರು, ಅದೇ ಡಿಗ್ರಿ. 2024ರ ಮಾರ್ಚ್ ಹೊತ್ತಿಗೆ ಇನ್ಫೋಸಿಸ್, ಟಿಸಿಎಸ್ ಎರಡರಲ್ಲೂ ಅಟ್ರಿಷನ್ ಶೇ. 12–13ಕ್ಕೆ ಇಳಿದಿತ್ತು. ಬಾಗಿಲು ತೆರೆದಿದ್ದು ಒಂದೂವರೆ ಎರಡು ವರ್ಷ. ಆಗ ಹಾರಿದವರು ಹಾರಿದ್ರು.

ಅಕ್ಕ ಯಾಕೆ ಹಾರಲಿಲ್ಲ? ಇದನ್ನ ಅವಳು ಕೊನೆಗೆ ಹೇಳಿದಳು. 2022ರಲ್ಲಿ ಅವಳ ಕೈಯಲ್ಲೂ 13 ಲಕ್ಷದ ಆಫರ್ ಇತ್ತು. ಅದೇ ಸಮಯಕ್ಕೆ ದೊಡ್ಡಮ್ಮನ ಎರಡೂ ಮಂಡಿಗೆ ಆಪರೇಷನ್ ಆಗಬೇಕಿತ್ತು. ದೊಡ್ಡಪ್ಪ ಇಲ್ಲ, ದೊಡ್ಡಮ್ಮ ಇರೋದು ಅವಳ ಜೊತೆ. ಈ ಕಂಪನಿಯ ಗ್ರೂಪ್ ಇನ್ಶೂರೆನ್ಸಲ್ಲಿ ಅಪ್ಪ ಅಮ್ಮನೂ ಸೇರ್ತಾರೆ, ಹಳೇ ಕಾಯಿಲೆಗೂ ದುಡ್ಡು ಬರುತ್ತೆ. ಹೊಸ ಕಂಪನಿ ಚಿಕ್ಕದು, ಅಲ್ಲಿ ಅಪ್ಪ ಅಮ್ಮನಿಗೆ ಇನ್ಶೂರೆನ್ಸ್ ಇರಲಿಲ್ಲ. ಅದರ ಮೇಲೆ ಇಲ್ಲಿ ನೋಟಿಸ್ ಪೀರಿಯಡ್ 90 ದಿನ, ಅಲ್ಲಿಯವರಿಗೆ 30 ದಿನದೊಳಗೆ ಬೇಕು. ಅಕ್ಕ ಬೇಡ ಅಂದಳು. ಆಪರೇಷನ್ ಆಯ್ತು. ದೊಡ್ಡಮ್ಮ ಈಗ ಮೆಟ್ಟಿಲು ಹತ್ತಿ ಇಳಿದು ಹಬ್ಬದ ಹೋಳಿಗೆ ಮಾಡ್ತಾರೆ. ‘ಏಳು ವರ್ಷ ದುಡಿದು ಇಷ್ಟೇನಾ’ ಅನ್ನೋ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿತ್ತು, ಅಕ್ಕ ಹೇಳಲಿಲ್ಲ. ದೊಡ್ಡಮ್ಮ ಈ ಪತ್ರಿಕೆ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಾ ಇದೀನಿ.

ಇದನ್ನ ಬರೆಯೋಕೆ ಕಾರಣ ಇದೆ. ನಮ್ಮ ಸೀನಿಯರ್ಸ್, ಯೂಟ್ಯೂಬಿನವರು, ಲಿಂಕ್ಡ್‌ಇನ್‌ನವರು ಎಲ್ಲರೂ “ಎರಡು ವರ್ಷಕ್ಕೊಮ್ಮೆ ಸ್ವಿಚ್ ಹೊಡೀರಿ, ಒಂದೇ ಕಡೆ ಇರೋರು ದಡ್ಡರು” ಅಂತಾರೆ. ಲೆಕ್ಕ ಸರಿ, ಮೇಲೆ ನಾನೇ ಹಾಕಿ ತೋರಿಸಿದೀನಿ. ಆದರೆ ಇದ್ದಲ್ಲೇ ಇರೋರೆಲ್ಲ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಮನೆಸಾಲ, ಮಗು, ವೀಸಾ ಕಾಯೋದು, ಅಮ್ಮನ ಮಂಡಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕಂಪನಿ ಬಿಡೋಕೆ ಆಗದವರಿಂದಲೇ ಕಂಪನಿ ಉಳಿತಾಯ ಮಾಡುತ್ತೆ. ನನಗೆ ನ್ಯಾಯ ಅಲ್ಲ ಅನ್ನಿಸೋದು ಇದು.

ಅಪ್ಪನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಅಪ್ಪ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. “ಸೀನಿಯಾರಿಟಿ ಲಿಸ್ಟು ಅಂತ ಒಂದು ಇರಲ್ವೇನಮ್ಮ ನಿಮ್ಮಲ್ಲಿ?” ಅಂತ ಅಕ್ಕನ್ನ ಕೇಳಿದರು. ಅವರ ಲೋಕದಲ್ಲಿ ವೇತನ ಶ್ರೇಣಿ ಕಾಗದದ ಮೇಲಿರುತ್ತೆ, ಯಾರು ಬೇಕಾದ್ರೂ ನೋಡಬಹುದು. ಬಡ್ತಿ ಸಿಕ್ಕಾಗ ಕಿರಿಯರಿಗೆ ಹಿರಿಯರಿಗಿಂತ ಜಾಸ್ತಿ ಬಂದುಬಿಟ್ಟರೆ, ಹಿರಿಯರು ಅರ್ಜಿ ಕೊಟ್ಟು ತಮ್ಮದನ್ನ ಸಮ ಮಾಡಿಸಿಕೊಳ್ಳೋಕೆ ನಿಯಮಾನೇ ಇದೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಪ್ರಕಾರ ರಾಜ್ಯ ಸರ್ಕಾರಿ ನೌಕರರ ಸಂಬಳ ಏರಿದಾಗ ಹಳಬರು ಹೊಸಬರು ಎಲ್ಲರಿಗೂ ಒಟ್ಟಿಗೇ ಏರಿತು.

ಅಕ್ಕ ಸುಮ್ಮನಿರೋಳಲ್ಲ. “ಚಿಕ್ಕಪ್ಪಾ, ನಿಮ್ಮ ಶಾಲೇಲಿ ಅತಿಥಿ ಶಿಕ್ಷಕರಿದಾರಲ್ಲ, ಅವರೂ ಅದೇ ಪಾಠ ಮಾಡ್ತಾರೆ. ಅವರಿಗೆ?” ಅಂದಳು. ಅಪ್ಪ ಸುಮ್ಮನಾದರು. ಆಮೇಲೆ ಅವರೇ ಇನ್ನೊಂದು ಸೇರಿಸಿದರು: 2006ರ ಏಪ್ರಿಲ್ 1ರಿಂದ ಈಚೆ ಸೇರಿದ ಮೇಷ್ಟ್ರುಗಳಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಮಾತ್ರ. ಒಂದೇ ಸ್ಟಾಫ್ ರೂಮಲ್ಲಿ ಪಕ್ಕಪಕ್ಕ ಕೂತ ಇಬ್ಬರಿಗೆ ನಿವೃತ್ತಿ ಜೀವನ ಬೇರೆ ಬೇರೆ. ಅಲ್ಲಿ ಪೆಟ್ಟು ಹೊಸಬರಿಗೆ, ಇಲ್ಲಿ ಹಳಬರಿಗೆ. ಎರಡೂ ಕಡೆ ನಿರ್ಧಾರ ಮಾಡೋದು ಸೇರಿದ ತಾರೀಖೇ. ವ್ಯತ್ಯಾಸ ಏನಂದ್ರೆ ಅಪ್ಪನ ಕಡೆ ಅದು ಎಲ್ಲರಿಗೂ ಗೊತ್ತು, ಅದಕ್ಕೇ ಸಂಘ ಕಟ್ಟಿ ಬೀದಿಗಿಳಿದು ಕೇಳ್ತಾರೆ. ಅಕ್ಕನ ಕಡೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಯಾರೂ ಕೇಳಲ್ಲ.

ಗೊತ್ತಾಗೋ ಹಾಗೆ ಮಾಡೋಕೆ ಬೇರೆ ಕಡೆ ಕಾನೂನು ಬಂದಿದೆ. ಎಂಎಸ್‌ಗೆ ಹೋಗೋ ಪ್ಲಾನ್ ಇರೋರು ಗಮನಿಸಿ. ಅಮೆರಿಕದ ಕೊಲರಾಡೋದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಹಾಕಬೇಕು. ಇದರಿಂದ ಹೊಸದಾಗಿ ಅರ್ಜಿ ಹಾಕೋರಿಗಷ್ಟೇ ಅಲ್ಲ, ಒಳಗೆ ಅದೇ ಕೆಲಸ ಮಾಡ್ತಿರೋ ಹಳಬರಿಗೂ ತಮ್ಮ ರೇಟ್ ಎಲ್ಲಿದೆ ಅಂತ ಕಾಣುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ‘ನಿನ್ನ ಹಿಂದಿನ ಸಂಬಳ ಎಷ್ಟು’ ಅಂತ ಕಂಪನಿ ಕೇಳೋ ಹಾಗೇ ಇಲ್ಲ. ನಮ್ಮಲ್ಲಿ ಎಚ್‌ಆರ್‌ನ ಮೊದಲ ಪ್ರಶ್ನೆಯೇ ಕರೆಂಟ್ ಸಿಟಿಸಿ. ಮೂರು ತಿಂಗಳ ಪೇಸ್ಲಿಪ್ ತೋರಿಸಬೇಕು, ಅದರ ಮೇಲೆ ಶೇ. 30 ಅಂತ ಚೌಕಾಸಿ. ಹೀಗಾಗಿ 2018ರ ಕಡಿಮೆ ಬೆಲೆ ಅಕ್ಕನ ಬೆನ್ನು ಬಿಡ್ತಿಲ್ಲ, ಹೋದ ಕಡೆಗೆಲ್ಲ ಹಿಂದೆ ಬರುತ್ತೆ. ನನಗೆ ಆ ತೊಂದರೆ ಇರಲಿಲ್ಲ, ಯಾಕಂದ್ರೆ ನನಗೆ ಹಿಂದಿನ ಪೇಸ್ಲಿಪ್ಪೇ ಇಲ್ಲ. ನಮ್ಮ ದೇಶದ 1976ರ ಸಮಾನ ವೇತನ ಕಾಯ್ದೆ ಗಂಡು ಹೆಣ್ಣಿನ ಭೇದ ಮಾಡಬಾರದು ಅಂತ ಹೇಳಿತು. ಹಳಬರು ಹೊಸಬರ ಭೇದ ಅದರ ವ್ಯಾಪ್ತಿಗೆ ಬರ್ತಿರಲಿಲ್ಲ.

ಈಗ ನಾವೇನು ಮಾಡಬಹುದು? ಕಾನೂನು ಬರೋವರೆಗೆ ಕಾಯಬೇಕಿಲ್ಲ. ನಾನು ಅಕ್ಕನ ಜೊತೆ ಕೂತು ಬರೆದಿಟ್ಟುಕೊಂಡ ನಾಲ್ಕು ವಿಷಯ ಇಲ್ಲಿ ಹಂಚ್ಕೋತೀನಿ.

ಒಂದು, ಆಫರ್ ಲೆಟರ್ ಬಂದ ತಕ್ಷಣ ದೊಡ್ಡ ಸಂಖ್ಯೆ ನೋಡಿ ಸ್ಟೇಟಸ್ ಹಾಕೋ ಮುಂಚೆ ಅದನ್ನ ಒಡೆದು ನೋಡಿ. ಫಿಕ್ಸೆಡ್ ಎಷ್ಟು, ಒಂದೇ ಸಲ ಬರೋದು ಎಷ್ಟು, ಎರಡನೇ ವರ್ಷ ಆ ಬೋನಸ್ ಇಲ್ಲದಾಗ ಎಷ್ಟಾಗುತ್ತೆ.

ಎರಡು, ಇಂಟರ್‌ವ್ಯೂ ಕೊನೆಯಲ್ಲಿ “ಎನಿ ಕ್ವೆಶ್ಚನ್ಸ್?” ಅಂತ ಕೇಳ್ತಾರಲ್ಲ, ಆಗ ಇನ್‌ಕ್ರಿಮೆಂಟ್ ಹೇಗೆ ನಿರ್ಧಾರ ಆಗುತ್ತೆ, ಮಾರುಕಟ್ಟೆ ದರಕ್ಕೆ ಸರಿ ಮಾಡೋ ಪದ್ಧತಿ ಇದೆಯಾ ಅಂತ ಕೇಳಿ. ನಾನು ಕೇಳಿದೆ. ಎದುರಿಗಿದ್ದವರು ಒಂದು ಕ್ಷಣ ನೋಡಿದ್ರು, ಆಮೇಲೆ ನೆಟ್ಟಗೆ ಉತ್ತರ ಕೊಟ್ರು. ಕೆಲಸ ಏನೂ ತಪ್ಪಲಿಲ್ಲ.

ಮೂರು, ಸಂಬಳದ ಬಗ್ಗೆ ನಮ್ಮನಮ್ಮಲ್ಲಿ ಮಾತಾಡೋಣ, ಕೆಲಸಕ್ಕೆ ಸೇರಿದ ಮೇಲೂ. ಪ್ಲೇಸ್‌ಮೆಂಟ್ ಟೈಮಲ್ಲಿ ಊರಿಗೆಲ್ಲ ಹೇಳೋ ನಾವು, ಸೇರಿದ ಮೊದಲ ಅಪ್ರೈಸಲ್‌ಗೇ ಬಾಯಿ ಮುಚ್ಕೋತೀವಿ. ನಮ್ಮ ಬ್ಯಾಚಿನ ಗ್ರೂಪಲ್ಲಿ ಹೆಸರಿಲ್ಲದೆ ವರ್ಷಕ್ಕೊಮ್ಮೆ ತುಂಬೋ ಒಂದು ಶೀಟ್ ಶುರು ಮಾಡಿದೀವಿ: ರೋಲ್, ಊರು, ಅನುಭವ, ಫಿಕ್ಸೆಡ್ ಪೇ, ಅಷ್ಟೇ ಕಾಲಂ. ಮೂರು ವರ್ಷ ಬಿಟ್ಟು ನಾವೇ ಹಳಬರಾದಾಗ, ಹೊಸ ಬ್ಯಾಚಿನವರು ನಮ್ಮ ತಲೆ ಮೇಲೆ ಬಂದು ಕೂತಾಗ ಅದು ಬೇಕಾಗುತ್ತೆ.

ನಾಲ್ಕು, ನಿಮಗೆ ಕೆಟಿ ಕೊಡೋ ಸೀನಿಯರ್ ಸ್ವಲ್ಪ ಗಡುಸಾಗಿದ್ರೆ, ಅವರಿಗೆ ನಿಮ್ಮ ಸಂಬಳ ಗೊತ್ತಿದೆ ಅಂತ ತಿಳ್ಕೊಳಿ. ಗಡುಸಾಗಿದ್ದೂ ಕಲಿಸ್ತಿದಾರಲ್ಲ, ಅದಕ್ಕೆ ಅವರಿಗೆ ಯಾರೂ ಎಕ್ಸ್‌ಟ್ರಾ ಕೊಡ್ತಿಲ್ಲ.

ಹಬ್ಬ ಮುಗಿದ ಮೇಲೆ ಅಕ್ಕ ಮ್ಯಾನೇಜರ್ ಹತ್ತಿರ ಹೋಗಿ, ಮಾರುಕಟ್ಟೆ ದರದ ಲೆಕ್ಕ ಮುಂದಿಟ್ಟು, ಸರಿ ಮಾಡಿ ಅಂತ ಕೇಳಿದಳು. ಏಳು ವರ್ಷದಲ್ಲಿ ಮೊದಲ ಸಲ. “ನೆಕ್ಸ್ಟ್ ಸೈಕಲ್‌ನಲ್ಲಿ ನೋಡೋಣ” ಅಂದ್ರಂತೆ. ಹೊರಗೂ ನೋಡೋಕೆ ಶುರು ಮಾಡಿದಾಳೆ, ಈ ಸಲ ಅಮ್ಮನಿಗೂ ಇನ್ಶೂರೆನ್ಸ್ ಇರೋ ಕಂಪನಿಗಳನ್ನ ಮಾತ್ರ. ಏಳು ವರ್ಷದ ಹಿಂದೆ ಬಿಟ್ಟ ಡೇಟಾ ಸ್ಟ್ರಕ್ಚರ್ಸ್ ಮತ್ತೆ ಓದಬೇಕಲ್ಲ, ನನಗಿನ್ನೂ ನೆನಪಿದೆ. ಹಾಗಾಗಿ ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ನಾನು ಹಾಸ್ಟೆಲಿಂದ ಕಾಲ್ ಮಾಡ್ತೀನಿ. ನಾನು ಪ್ರಶ್ನೆ ಕೇಳ್ತೀನಿ, ಅವಳು ಪೇಪರ್ ಮೇಲೆ ಬಿಡಿಸ್ತಾಳೆ, ದೊಡ್ಡಮ್ಮ ಹಿಂದಿನಿಂದ “ಊಟ ಆಯ್ತೇನೇ?” ಅಂತಾರೆ. ಕಳೆದ ವಾರ ಬೈನರಿ ಟ್ರೀ ಮುಗೀತು. ಈ ವಾರ ಗ್ರಾಫ್.